ದರೋಜಿ ಕೆರೆಯ ಹೂಳು

ಕೆರೆ ಇಳಿದಿದೆ. ಏಪ್ರಿಲ್ ಮೂರನೇ ವಾರ.
ಜೆಸಿಬಿ ಹಲ್ಲು ಕಚ್ಚಿದ ಕಡೆ
ಮೇಲೆ ಬೂದಿ ಬಣ್ಣ, ಗೇಣು ಕೆಳಗೆ ಕಪ್ಪು.
ಒಂದು ಮುಷ್ಟಿ ತೆಗೆದು ಮೂಸಿದೆ:
ಕೊಳೆತ ಮೊಟ್ಟೆ, ಹಸಿ ಪಾಚಿ, ಎಲ್ಲೋ ಒಂಚೂರು ಮೀನು.

"ಏನ್ ಮೇಡಂ, ಎಣ್ಣಿ ಐತೇನು ಇದ್ರಾಗ?"
ಟ್ರಾಲಿಯ ಮೇಲಿಂದ ಜಡೆಪ್ಪ, ಬೀಡಿ ಬಾಯಲ್ಲೇ.
ನಾನು ಹನ್ನೊಂದು ವರ್ಷ ಎಣ್ಣೆಯ ಲ್ಯಾಬಿನಲ್ಲಿದ್ದದ್ದು
ಊರಿಗೆಲ್ಲ ಗೊತ್ತು.

ಅಲ್ಲಿ, ಮರಳುಗಾಡಿನ ಅಡಿಯಿಂದ ಬಂದ ಕಲ್ಲು
ಹಳೇ ಲೆಕ್ಕದ ಪುಸ್ತಕದಂತೆ ಹಾಳೆ ಹಾಳೆಯಾಗಿ ಬಿಚ್ಚುತ್ತಿತ್ತು.
ಕುಟ್ಟಿ, ಜರಡಿ ಹಿಡಿದು, ದ್ರಾವಕದಲ್ಲಿ ಎರಡು ಹಗಲು ಕುದಿಸಿದರೆ
ತಳದಲ್ಲಿ ಜೇನಿನ ಬಣ್ಣದ ಒಂದು ತೊಟ್ಟು.
ಅದನ್ನು ಯಂತ್ರಕ್ಕೆ ಉಣಿಸಿ ಕಾಯಬೇಕು.
ಕಾಗದದ ಮೇಲೆ ಸೂಜಿಮೊನೆಯ ಗುಡ್ಡಗಳೇಳುತ್ತವೆ,
ಒಂದೊಂದೂ ಸತ್ತ ಯಾವುದರದೋ ಸಹಿ:
ಇದು ಪಾಚಿ, ಇದು ಪಾಚಿಯನ್ನು ತಿಂದ ಬ್ಯಾಕ್ಟೀರಿಯಾ,
ಕೊನೆಗೆ, ಪಂಕ್ತಿಯವರೆಲ್ಲ ಎದ್ದ ಮೇಲೆ ಬರುವ
ಗ್ಯಾಮಸೆರೇನ್.
ಅದು ಬಂತೆಂದರೆ ತಿಳಿ, ಆ ಕೆರೆಯಲ್ಲಿ
ಮೇಲಿನ ನೀರು ಕೆಳಗಿನ ನೀರನ್ನು ಮಾತಾಡಿಸುತ್ತಿರಲಿಲ್ಲ.

ತಳದಲ್ಲಿ ಉಸಿರಿಲ್ಲ. ಹುಳವಿಲ್ಲ, ಶಂಖವಿಲ್ಲ.
ತಿನ್ನುವವರು ಯಾರೂ ಇಲ್ಲದ್ದರಿಂದ
ಸತ್ತದ್ದು ಉಳಿಯಿತು.
ನೆಲ ಸೀಳಿ, ನಡುವಿನದು ಕುಸಿದು, ಕುಸಿಯುತ್ತಲೇ ಹೋಗಿ
ಭೂಮಿ ಆ ಕೆರೆಯನ್ನು ತನ್ನ ಒಲೆಯ ಹತ್ತಿರ ಎಳೆದುಕೊಂಡಿತು.
ಹೆಚ್ಚು ಬೆಂದರೆ ಬರೀ ಅನಿಲ, ಬೇಯದಿದ್ದರೆ ಕಲ್ಲು.
ಹದಕ್ಕೆ ಬೆಂದದ್ದು
ಜನವರಿಯ ಬೆಳಿಗ್ಗೆ ತುಪ್ಪದಂತೆ ಹೆಪ್ಪುಗಟ್ಟಿ,
ಬಾಟಲಿ ಬೋರಲು ಹಾಕಿದರೂ ಬೀಳುತ್ತಿರಲಿಲ್ಲ.

"ಇಲ್ಲ," ಅಂದೆ. "ನಮ್ಮ ನೆಲ ಕುಸಿಯೋದಿಲ್ಲ."
ಅವನು ಸುತ್ತ ನೋಡಿದ:
ಬಂಡೆಯ ಮೇಲೆ ಬಂಡೆ, ಅದರ ಮೇಲೊಂದು, ಯಾರೂ ಮುಟ್ಟದ್ದು.
"ಅದು ಖರೇ. ಬೋರ್ ಹಾಕ್ಸಿ ನೋಡೀನಿ."

ಇಲ್ಲಿ ಗಾಳಿ ದಿನಾ ಮಧ್ಯಾಹ್ನ
ಕೆರೆಯನ್ನು ತಳದವರೆಗೆ ಕಲಕುತ್ತದೆ.
ಸಾಯುವುದಕ್ಕೂ ತಿನ್ನಿಸಿಕೊಳ್ಳುವುದಕ್ಕೂ ನಡುವೆ
ಒಂದು ವಾರವೂ ಇಲ್ಲ.
ಉಳಿದ ಕಪ್ಪು ಜೂನಿಗೆ ಮೆಣಸಿನಕಾಯಿ ಹೊಲ ಸೇರಿ
ಸಂಕ್ರಾಂತಿ ಹೊತ್ತಿಗೆ ಕಣದಲ್ಲಿ ಕೆಂಪಗೆ ಹರಡಿಕೊಂಡಿರುತ್ತದೆ,
ಹಾದುಹೋದವರೆಲ್ಲ ಸೀನುವಂತೆ.

ಟ್ರ್ಯಾಕ್ಟರ್ ಕೆಮ್ಮಿ ಶುರುವಾಯಿತು.
ಡೀಸೆಲ್ಲಿನಲ್ಲಿ ಸಮುದ್ರವೂ ಬೆರೆತಿರುತ್ತದೆ, ಗೊತ್ತು.
ಸಹಿಗಳನ್ನೆಲ್ಲ ಕಾರ್ಖಾನೆಯಲ್ಲೇ ಅಳಿಸಿರುತ್ತಾರೆ,
ಯಾವ ಯಂತ್ರವೂ ಈಗ ಓದಲಾರದು.
ಆದರೂ ನನಗೆ ಕಂಡದ್ದು ಇಷ್ಟು:
ಹೆಸರಿಡಲು ಯಾರೂ ಹುಟ್ಟಿರದ ಕಾಲದ ಒಂದು ಕೆರೆ
ನಮ್ಮ ಕೆರೆಯನ್ನು ಬೆನ್ನಿಗೆ ಕಟ್ಟಿಕೊಂಡು
ಏರಿ ಹತ್ತುತ್ತಿತ್ತು,
ಒಂದನೇ ಗೇರಿನಲ್ಲಿ, ಕಪ್ಪು ಹೊಗೆ ಬಿಡುತ್ತ.