ಕಚ್ಚಾ ಲೆಕ್ಕ

ಶಿಡ್ಲಘಟ್ಟದ ಗೂಡು ಮಾರುಕಟ್ಟೆ, ಹಿಂದಿನ ಕೋಣೆ.
ನಾಲ್ಕು ಡಿಸ್ಕು, ಒಂದು ಫ್ಯಾನು, ನಾನು.
ಕಿಟಕಿಗೆ ರಟ್ಟು ಹೊಡೆದಿದ್ದೇವೆ,
ಗೂಡಿನ ಜುಂಗು ಹಾರಿ ಬಂದು ರೆಕ್ಕೆಗೆ ಸುತ್ತಿಕೊಳ್ಳದಿರಲೆಂದು.
ಆದರೂ ಸುತ್ತಿಕೊಳ್ಳುತ್ತದೆ.
ತಿಂಗಳಿಗೊಮ್ಮೆ ಬ್ಲೇಡಿನಲ್ಲಿ ಕೊಯ್ದು ತೆಗೆಯುತ್ತೇನೆ.

ಇವತ್ತು ಹನ್ನೊಂದು ನಲವತ್ತೆರಡಕ್ಕೆ ಕರೆಂಟು ಹೋಯಿತು.
ಹೋಗುವುದು ಹೊಸದಲ್ಲ.
ಹತ್ತು ನಿಮಿಷ ಕೂಗಬೇಕಿದ್ದ ಯುಪಿಎಸ್ಸು
ಒಂದೇ ಸಲ ಕೂಗಿ ಸುಮ್ಮನಾಯಿತು.
ಅದರ ಬ್ಯಾಟರಿ ಪೂರಿಯ ಹಾಗೆ ಉಬ್ಬಿ ವರ್ಷವಾಗಿತ್ತು.

ಆ ಗಳಿಗೆ ಹೊರಗೆ ಹರಾಜಿನಲ್ಲಿದ್ದದ್ದು
ಮುನ್ನೂರ ಹದಿನೇಳನೆಯ ಲಾಟು.
ದಿಬ್ಬೂರಹಳ್ಳಿ ಪಿಳ್ಳಮ್ಮನದು,
ಮೂವತ್ತೆಂಟು ಕಿಲೊ ಆರುನೂರು ಗ್ರಾಮು.
ರೀಲರ್ ಅಫ್ಸರ್ ಮೊಬೈಲಿನಲ್ಲಿ ಆರುನೂರ ಹನ್ನೆರಡು ಒತ್ತಿದ.
ಪರದೆ ಹಸಿರಾಯಿತು. ಪಿಳ್ಳಮ್ಮ ಬಗ್ಗಿ ನೋಡಿದಳು.

ಬರೆದೆ ಅಂದಿತ್ತು ಡಿಸ್ಕು. ಬರೆದಿರಲಿಲ್ಲ.
ಬಾಯಲ್ಲಿ ಇಟ್ಟುಕೊಂಡಿತ್ತು,
ನುಂಗಿರಲಿಲ್ಲ.

ಯಂತ್ರಕ್ಕೂ ಒಂದು ಕಚ್ಚಾ ಲೆಕ್ಕವಿದೆ.
ಮಾಡುವ ಮೊದಲು ಮಾಡುತ್ತೇನೆ ಎಂದು ಒಂದು ಸಾಲು,
ಮಾಡಿದ ಮೇಲೆ ಪಕ್ಕದಲ್ಲಿ ಒಂದು ಗೀಟು.
ಬಿದ್ದು ಎದ್ದ ಮೇಲೆ ಮೊದಲು ಅದನ್ನೇ ಓದುತ್ತದೆ.
ಗೀಟಿಲ್ಲದ ಸಾಲನ್ನು
ಸಾಲಗಾರನನ್ನು ಕಂಡವರಂತೆ ಮುಖ ತಿರುಗಿಸಿ ದಾಟುತ್ತದೆ.
ಅರ್ಧ ಬರೆದದ್ದಕ್ಕಿಂತ ಬರೆಯದ್ದೇ ಮೇಲು,
ಇಲ್ಲವಾದರೆ ಒಬ್ಬಳ ಗೂಡು ಇನ್ನೊಬ್ಬನ ತೂಕಕ್ಕೆ ಸೇರಿ
ಮುನ್ನೂರ ಹದಿನಾರು ಲಾಟೂ ಕಲಸಿಹೋಗುತ್ತವೆ.
ಇದು ನ್ಯಾಯ. ನಾನೂ ಒಪ್ಪಿದ್ದೆ.

ಇಪ್ಪತ್ತಾರು ನಿಮಿಷಕ್ಕೆ ಬೆಳಕು ಬಂತು.
ಮೂರು ಡಿಸ್ಕು ಗುಂಯ್ ಎಂದು ತಿರುಗಿದವು.
ಎರಡನೆಯದು ಮಾತ್ರ ಒಳಗೆ ಉಗುರು ಕಡಿಯುವ ಸದ್ದು ಮಾಡಿ
ಕೆಂಪು ದೀಪ ಹಚ್ಚಿಕೊಂಡು ಕೂತಿತು.

ಅಫ್ಸರನ ಮನೆಯಲ್ಲಿ ನೂಲು ತೆಗೆಯುವುದನ್ನು ನೋಡಿದ್ದೇನೆ.
ಕುದಿನೀರಲ್ಲಿ ಎಂಟು ಗೂಡು ಕುಣಿದು
ಎಂಟು ಎಳೆ ಸೇರಿ ಒಂದು ನೂಲು.
ಒಂದು ಎಳೆ ಹರಿದರೆ ನೂಲು ಹರಿಯದು.
ಅವನ ಅಕ್ಕ ಜರೀನಾ, ಬೆಂದು ಬೆಳ್ಳಗಾದ ಬೆರಳಲ್ಲಿ
ಹೊಸ ಗೂಡಿನ ತುದಿಯನ್ನು ಹಾಗೇ ಎಸೆಯುತ್ತಾಳೆ,
ಅದು ಹತ್ತಿಕೊಳ್ಳುತ್ತದೆ.
ನನ್ನ ಕೆಲಸವೂ ಅಷ್ಟೆ, ಕೈ ಸುಡುವುದಿಲ್ಲ.
ಹೊಸ ಡಿಸ್ಕು ತೂರಿಸಿದೆ.
ಉಳಿದ ಮೂರು ಸೇರಿ ಸತ್ತದ್ದರ ಮಾತನ್ನು ಲೆಕ್ಕ ಹಾಕಿ ಹೇಳುತ್ತವೆ,
ಅದು ಬರೆದುಕೊಳ್ಳುತ್ತದೆ.
ಹೇಳುತ್ತಿರುವಾಗ ಇನ್ನೊಂದು ಸಾಯಬಾರದು, ಅಷ್ಟೆ.

ಮಧ್ಯಾಹ್ನ ಮರುಹರಾಜು. ಐನೂರ ತೊಂಬತ್ತೆಂಟು.
ಒತ್ತಿದವನು ಅಫ್ಸರನೇ.
ಅವನು ನನ್ನ ಮುಖ ನೋಡಲಿಲ್ಲ,
ನಾನೂ ಅವನದು.

ಪಿಳ್ಳಮ್ಮ ಬಾಗಿಲಿಗೆ ಬಂದಳು.
ಚಪ್ಪಲಿ ಹೊರಗೆ ಬಿಟ್ಟಳು, ಡಿಸ್ಕುಗಳ ಕಡೆ ಒಮ್ಮೆ ನೋಡಿದಳು.
"ಬರ್ದಿದ್ದು ಅಳಿಸೋಯ್ತು ಅಂದ್ರೆ ಒಪ್ಕೋತೀನಪ್ಪ.
ಬರೀತಾ ಇದ್ದಿದ್ದು ಎಲ್ಲೋಯ್ತು?"
ಗೀಟು ಬಿದ್ದಿರಲಿಲ್ಲ ಅಮ್ಮ, ಅಂದೆ.
ಅವಳು ಸೆರಗಿನ ತುದಿ ಎತ್ತಿ ಹಿಡಿದಳು.
ಗಂಟು ಇತ್ತು.
ಆರುನೂರ ಹನ್ನೆರಡು ಕಿವಿಗೆ ಬಿದ್ದ ಕೂಡಲೆ ಹಾಕಿದ್ದಂತೆ.
ಕರೆಂಟು ಹೋದರೂ ಬಿಚ್ಚದ ಗಂಟು.

ಐನೂರ ನಲವತ್ತು ರೂಪಾಯಿ, ನಲವತ್ತು ಪೈಸೆ.
ಅವಳು ಹೋದ ಮೇಲೆ ಲೆಕ್ಕ ಹಾಕಿದೆ.

ಈಗ ರಾತ್ರಿ ಒಂದೂಕಾಲು. ಶೇಕಡಾ ಅರವತ್ತಮೂರು.
ಬ್ಯಾಟರಿ ಕೇಳಿ ಆರನೆಯ ಅರ್ಜಿ ಬರೆದೆ,
ಹಳೆಯ ಐದರ ದಿನಾಂಕವನ್ನೂ ಕೆಳಗೆ ಹಾಕಿದೆ.
ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ, ಪೆನ್ಸಿಲಿನಲ್ಲಿ:
ಲಾಟು ಮುನ್ನೂರ ಹದಿನೇಳು, ಆರುನೂರ ಹನ್ನೆರಡು, ಪಿಳ್ಳಮ್ಮ.

ಪಕ್ಕದಲ್ಲಿ ಗೀಟು ಎಳೆಯಲು ಕೈ ಹೋಯಿತು. ಎಳೆಯಲಿಲ್ಲ.
ಅರವತ್ತನಾಲ್ಕು.
ಫ್ಯಾನಿನಲ್ಲಿ ಮತ್ತೆ ಜುಂಗು ಸಿಕ್ಕಿದೆ, ಸದ್ದು ಬದಲಾಗಿದೆ.
ಈಗ ಅದನ್ನು ನಿಲ್ಲಿಸುವ ಹಾಗಿಲ್ಲ.