ನಾಲ್ಕರ ಪಕ್ಕದ ಬಟ್ಟಲು

ಪುಂಟಾ ಅರೇನಾಸಿನಲ್ಲಿ ಗಾಳಿ ಎದ್ದ ದಿನ
ಬೀದಿಯ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ,
ಜನ ಹಿಡಿದು ದಾಟಲಿ ಎಂದು.
ಮೂರನೇ ಮಹಡಿಯ ಹದಿನಾಲ್ಕು ಹಾಸಿಗೆಗಳ ನಡುವೆ
ರಾತ್ರಿ ಹತ್ತಕ್ಕೆ ನನಗೆ ಹಿಡಿಯಲು ಇದ್ದದ್ದು
ಒಂದು ಚೀಟಿ.

ಡಾಕ್ಟರು ಬರೆದದ್ದು ನಾಲ್ಕು, ಪಕ್ಕದಲ್ಲೊಂದು ಯು.
ಯು ಅಂದರೆ ಯೂನಿಟ್ಟು, ಬಾಯಿ ತೆರೆದ ಪುಟ್ಟ ಬಟ್ಟಲು.
ಪೆನ್ನಿಗೆ ಅವಸರ; ಬಟ್ಟಲಿನ ಬಾಯಿ ಕೂಡಿಕೊಂಡಿತ್ತು.
ನಲವತ್ತು ಎಂದು ಓದಿದೆ.
ನಲವತ್ತು ಎಂದೇ ಸಿರಿಂಜಿಗೆ ಎಳೆದೆ.
ಇನ್ಸುಲಿನ್ ನೀರಿನಷ್ಟು ತಿಳಿ,
ತನ್ನ ಲೆಕ್ಕ ತಾನು ಹೇಳುವುದಿಲ್ಲ.

ಏಳನೇ ಹಾಸಿಗೆ, ನಿಕಾನೋರ್ ಓಯಾರ್ಸೊ.
ಐವತ್ತು ವರ್ಷ ಕುರಿ ಎಣಿಸಿದವರು,
ಗೇಟಿನ ಬದಿ ನಿಂತು, ಮೂರು ಮೂರಾಗಿ,
ನೂರಾದಾಗ ಸೊಂಟದ ದಾರಕ್ಕೊಂದು ಗಂಟು.
‘ಸಾವಿರದಲ್ಲಿ ಒಂದು ತಪ್ಪಿದರೂ ಸಂಬಳ ಹಿಡೀತಿದ್ದರು ಮಗಳೇ’
ಎಂದು ಆ ಸಂಜೆಯಷ್ಟೇ ನಕ್ಕಿದ್ದರು.
ತೋಳು ಚಾಚಿದರು. ದೇವರು ಒಳ್ಳೇದು ಮಾಡಲಿ ಅಂದರು.
ಆ ಮಾತು ಇನ್ನೂ ನನ್ನ ಹತ್ತಿರವೇ ಇದೆ,
ವಾಪಸು ಕೊಡಲು ಬಾರದ ಹಾಗೆ.

ಒಂದೂವರೆಗೆ ಬೆವರು, ಬನಿಯನ್ ಹಿಂಡಬಹುದಿತ್ತು.
ನಿದ್ದೆ ಎಂದುಕೊಂಡೆ.
ಎರಡಕ್ಕೆ ಅದು ನಿದ್ದೆಯಲ್ಲ.
ಗ್ಲೂಕೋಸು, ಓಟ, ಫೋನು.
ನೆಲಕ್ಕೆ ಬಿದ್ದ ಚೀಟಿಯನ್ನು ದೀಪಕ್ಕೆ ಹಿಡಿದಾಗ
ಬಟ್ಟಲು ಕಂಡಿತು.

ವರದಿಯ ಫಾರಮಿನಲ್ಲಿ ‘ಕಾರಣ’ ಎಂಬ ಚೌಕ
ಎರಡು ಬೆರಳಿನಗಲ.
ಜೊತೆಯವಳು ಜ್ವರದಲ್ಲಿ ಮನೆಯಲ್ಲಿದ್ದದ್ದು,
ಅದು ನನ್ನ ಹದಿನಾರನೇ ಗಂಟೆ ಆಗಿದ್ದದ್ದು
ಅದರಲ್ಲಿ ಹಿಡಿಸಲಿಲ್ಲ.
ರೊಸೆಂದಾ ಮಾನ್ಸಿಯಾ ಎಂದು ಬರೆದೆ. ಸರಿಯಾಗಿ ಹಿಡಿಸಿತು.

ಆಮೇಲೆ ಬಟ್ಟೆ ಕೋಣೆಗೆ ಒಬ್ಬೊಬ್ಬರೇ ಬಂದರು,
ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ.
ಹಿರಿಯಳಾದ ಎಡಿತ್: ಒಂದೇ ಕೋಣೆಯಲ್ಲಿ ಇಬ್ಬರು ಬಾರ್ರಿಯಾ,
ಒಬ್ಬಳ ಮಾತ್ರೆ ಇನ್ನೊಬ್ಬಳ ಹೊಟ್ಟೆಗೆ.
ಫಾರ್ಮಸಿಯ ಯೆರ್ಕೊ: ಒಂದೇ ನೀಲಿ ಮುಚ್ಚಳದ ಎರಡು ಸೀಸೆ.
ಮಕ್ಕಳ ವಾರ್ಡಿನ ಡಾಕ್ಟರು,
ದಶಮಾಂಶ ಒಂದು ಮನೆ ಆಚೆ ಕೂತಿತ್ತು ಎಂದು
ಗೋಡೆ ನೋಡುತ್ತ ನಿಂತರು. ತುಂಬ ಹೊತ್ತು.
ಯಾರದ್ದೂ ಫಾರಮಿನಲ್ಲಿಲ್ಲ.
ಹೆಚ್ಚಿನವನ್ನು ಮೈಯೇ ನುಂಗಿಕೊಂಡಿದೆ,
ತಲೆಸುತ್ತು ಎಂದೋ, ವಯಸ್ಸು ಎಂದೋ.
ಕೆಲವು ಮಣ್ಣಿಗೆ ಹೋಗಿವೆ ಬೇರೆ ಕಾಯಿಲೆಯ ಹೆಸರಲ್ಲಿ.
ಕಣ್ತಪ್ಪು, ಕೈತಪ್ಪು:
ಎಷ್ಟು ಮೆತ್ತಗಿನ ಮಾತುಗಳು.
ಹೊರಬಂದು ನೋಡಿಕೊಂಡರೆ
ಏಪ್ರನ್ನಿನ ದಾರದಲ್ಲಿ ಹನ್ನೊಂದು ಗಂಟು.
ಯಾವಾಗ ಹಾಕಿದೆನೋ.

ನಿಕಾನೋರ್ ಉಳಿದರು.
ಕಿಟಕಿಯತ್ತ ತಿರುಗಿ, ಹೊದಿಕೆಯ ಅಂಚಿನಲ್ಲಿ ಬೆರಳಾಡಿಸುತ್ತ
ಒಂಬತ್ತು, ಹನ್ನೆರಡು, ಹದಿನೈದು,
ಮತ್ತೆ ಹನ್ನೆರಡು.
ಯಾವುದೋ ಒಂದು ಕುರಿ ಗೇಟು ದಾಟುವುದೇ ಇಲ್ಲ.
ಪಕ್ಕದಲ್ಲಿ ನಿಂತು ನಾನು ‘ಹದಿನೆಂಟು’ ಎನ್ನುತ್ತೇನೆ.
ಅವರು ನನ್ನ ಮುಖ ನೋಡುತ್ತಾರೆ,
ಎಣಿಕೆ ಬಾರದ ಹೊಸ ಆಳನ್ನು ನೋಡುವ ಹಾಗೆ.