ಹದಿನೇಳು, ಮೂವತ್ತು

ಮೂವತ್ತು ಅಂದರೆ ಹಡಗು ಕದಲಕೂಡದು.
ಹದಿನೇಳು ಅಂದರೆ ರಿಪೇರಿ ಮಾಡಿಯೇ ಹೊರಡು.
ಇಪ್ಪತ್ತಾರು ವರ್ಷ ಈ ಎರಡು ಅಂಕಿಯಲ್ಲಿ
ಪಣಂಬೂರಿನ ಧಕ್ಕೆಯ ಮೇಲೆ ನನ್ನ ಅನ್ನ.

ಪನಾಮದ ಬಾವುಟ, ಗ್ರೀಸಿನ ಯಜಮಾನ,
ಬರ್ಮಾದ ಹುಡುಗರು, ಫಿಲಿಪೀನ್ಸಿನ ಅಡುಗೆಯವ.
ಏಣಿ ಹತ್ತುವಾಗಲೇ ಒಂದಿಷ್ಟು ತಿಳಿಯುತ್ತಿತ್ತು:
ಹೊಸ ಬಣ್ಣದ ವಾಸನೆ ಹೆಚ್ಚಿದಷ್ಟೂ
ಒಳಗೆ ತುಕ್ಕು ಹೆಚ್ಚು.
ಕ್ಯಾಪ್ಟನ್ ಕಾಫಿ ತರಿಸುತ್ತಿದ್ದ,
ಸಿಗರೇಟಿನ ಪೊಟ್ಟಣ ಮೇಜಿನ ಮೇಲೆ ಮರೆಯುತ್ತಿದ್ದ.
ನಾನು ಸುತ್ತಿಗೆ ತೆಗೆಯುತ್ತಿದ್ದೆ.

ಗೇಣುದ್ದದ ಸುತ್ತಿಗೆ.
ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ,
ಸತ್ತ ಕಬ್ಬಿಣ, ಕಳಿತ ಹಲಸಿನ ಹಾಗೆ, ಬೊದ್.
ಹಲಸು ಬಡಿದು ನೋಡಲು ಕಲಿಸಿದವಳು ಅಜ್ಜಿ,
ಉಳಿದದ್ದು ಸರಕಾರ.

ಒಂದು ಹಡಗಿನಲ್ಲಿ, ಹೆಸರು ಬೇಡ,
ಮೂರು ತಿಂಗಳ ವಿಶ್ರಾಂತಿಯ ಲೆಕ್ಕ
ಒಂದೇ ಶಾಯಿಯಲ್ಲಿ, ಒಂದೇ ಸಂಜೆ ಕೂತು ಬರೆದದ್ದು.
ಜೀವರಕ್ಷಕ ದೋಣಿಯ ಕೊಕ್ಕೆ
ಬಣ್ಣ ಬಿಟ್ಟರೆ ಬೇರೇನೂ ಅಲ್ಲ.
ತುರ್ತು ಪಂಪಿನ ಕೋಣೆಯ ಬೀಗದಕೈ ಕಳೆದಿದೆ ಎಂದರು.
ಆದರೆ ಬಾಗಿಲು ತೆರೆದಿತ್ತು.
ಯಾರೋ ತೆರೆದಿಟ್ಟಿದ್ದರು.
ಮೂರನೆಯ ಎಂಜಿನಿಯರ್, ಕೋ ಮ್ಯಿನ್ ಎಂಬ ಹುಡುಗ,
ಗೋಡೆ ನೋಡುತ್ತ ಕೈ ಒರೆಸಿಕೊಳ್ಳುತ್ತಿದ್ದ.
ಮೂವತ್ತು ಬರೆದೆ.
ಹತ್ತೊಂಬತ್ತು ದಿನ ನಿಂತಿತು ಹಡಗು.
ಅವನ ಸಂಬಳವೂ ನಿಂತಿತು ಎಂದು ಆಮೇಲೆ ಗೊತ್ತಾಯಿತು.

ಇನ್ನೊಂದಕ್ಕೆ, ಮಳೆಗಾಲ ಹತ್ತಿರವಿತ್ತು,
ಅಡುಗೆಯವ ಮಗಳ ಫೋಟೋ ತೋರಿಸಿದ್ದ,
ಮೂವತ್ತಾಗಬೇಕಾದಲ್ಲಿ ಹದಿನೇಳು ಬರೆದೆ.
ಅದರ ಸುದ್ದಿ ಮತ್ತೆ ಬರಲಿಲ್ಲ.
ಸುದ್ದಿ ಇಲ್ಲದ್ದೇ ಒಳ್ಳೆ ಸುದ್ದಿ ಅನ್ನುತ್ತಾರೆ.
ಅನ್ನುತ್ತಾರೆ.

ಈಗ ಸಾಗರದಲ್ಲಿದ್ದೇನೆ. ಸುತ್ತಿಗೆ ಅಡುಗೆಮನೆಯಲ್ಲಿ,
ವಸುಮತಿ ಅದರಿಂದ ಬೆಲ್ಲದಚ್ಚು ಒಡೆಯುತ್ತಾಳೆ.

ಹೋದ ಮಂಗಳವಾರ ಹಿನ್ನೀರು ದಾಟಲು ಲಾಂಚ್ ಹತ್ತಿದೆ.
ಒಂದು ಮಿನಿ ಬಸ್ಸು, ಎರಡು ಜೀಪು, ಕೋಳಿ ಬುಟ್ಟಿ,
ನಲವತ್ತೊಂದು ಜನ. ಎಣಿಸಬಾರದೆಂದುಕೊಂಡೇ ಎಣಿಸಿದ್ದು.
ಜಾಕೆಟ್ಟುಗಳ ಪೆಟ್ಟಿಗೆಗೆ ಹಿತ್ತಾಳೆ ಬೀಗ.
ಬೀಗದಕೈ ಟಿಕೆಟ್ಟಿನವನ ಹತ್ತಿರ,
ಟಿಕೆಟ್ಟಿನವ ಭಾವನ ಮದುವೆಯಲ್ಲಿ.
ನೀರೊಳಗೆ ನಿಂತ ಒಣಮರದ ಬೊಡ್ಡೆಗಳು
ಎಲ್ಲೆಲ್ಲಿವೆ ಎಂದು ಡ್ರೈವರ್ ಕೆರಿಯಪ್ಪನಿಗೆ ಗೊತ್ತು,
ಲಾಂಚಿಗೆ ಗೊತ್ತಿಲ್ಲ.

ಬೆರಳ ಗೆಣ್ಣಿನಿಂದ ತಗಡು ಬಡಿದೆ.
ಬೊದ್.
'ಮೂವತ್ತು' ಅಂತ ಬಾಯಿಗೆ ಬಂತು.
'ಎಂಥದು ಮೂವತ್ತು?' ಎಂದ ಕೆರಿಯಪ್ಪ.
ಹೇಳಿದೆ.
ಅವನು ನಗಲಿಲ್ಲ. ಹಿಂದಿನ ಬೆಂಚು ತೋರಿಸಿದ:
'ಅವ್ರು ಹುಚ್ಚಪ್ಪಣ್ಣ. ವಾರಕ್ಕೆರಡು ಸಲ ರಕ್ತ ತೊಳಿಸೂಕೆ ಹೋಗ್ತಾರೆ.
ನೀವೇ ಇಳ್ದು ಅವ್ರಿಗೆ ಹೇಳಿ ಮಾರಾಯ್ರೆ,
ಇವತ್ತು ಲಾಂಚಿಲ್ಲ ಅಂತ.'

ನಾನು ಇಳಿಯಲಿಲ್ಲ.
ದಾಟುವಷ್ಟು ಹೊತ್ತೂ ಬೀಗವನ್ನೇ ನೋಡುತ್ತಿದ್ದೆ.
ಇಲ್ಲಿ ನನ್ನ ಬಳಿ ಮೊಹರಿಲ್ಲ, ಫಾರಮ್ಮಿಲ್ಲ,
ಬಿಳಿ ಹೆಲ್ಮೆಟ್ಟೂ ಇಲ್ಲ.

ಶುಕ್ರವಾರ ಮತ್ತೆ ಹೋದೆ, ಚೀಲದಲ್ಲಿ ಸುತ್ತಿಗೆ.
(ವಸುಮತಿ: 'ಬೆಲ್ಲ ಹಲ್ಲಲ್ಲಿ ಕಡಿಯಲಾ?')
ಒಡೆಯುವುದು ಬೇಕಾಗಲಿಲ್ಲ. ಪೆಟ್ಟಿಗೆ ತೆರೆದಿತ್ತು.
ಯಾರು ತೆರೆದದ್ದು ಎಂದು ನಾನು ಕೇಳಲಿಲ್ಲ,
ಕೆರಿಯಪ್ಪ ನೀರು ನೋಡುತ್ತಿದ್ದ.
ಒಳಗೆ ಹದಿನಾಲ್ಕು ಜಾಕೆಟ್ಟು, ಒಂದು ಹರಿದ ಕೊಡೆ,
ಇಲಿ ಕಡಿದ ಪಟ್ಟಿಗಳು.
'ಹದಿನೇಳು' ಎಂದೆ, 'ಕಟ್ಟಿಯೇ ಹೊರಡು.'

ಲಾಂಚು ಇಪ್ಪತ್ತೈದು ನಿಮಿಷ ತಡ.
ಬಸ್ಸಿನವ ಹಾರನ್ ಒತ್ತಿದ, ಕೋಳಿಯವಳು ಬೈದಳು.
ಹುಚ್ಚಪ್ಪಣ್ಣ, ಸೂಜಿ ಚುಚ್ಚಿ ಉಬ್ಬಿದ ಎಡಗೈಯನ್ನು
ತೊಡೆಯ ಮೇಲಿಟ್ಟುಕೊಂಡು,
ಬಲಗೈಯಿಂದ, ಹಲ್ಲಿನಿಂದ,
ನಾರಿನ ಹಗ್ಗದ ಗಂಟು ಬಿಗಿಯುತ್ತಿದ್ದರು.
ಒಂಬತ್ತನೆಯದು ಮುಗಿಸಿ ನನ್ನ ಕಡೆ ಎಸೆದರು:
'ಎಳ್ದು ನೋಡಿ.'
ಎಳೆದೆ.